ನಾಲ್ಕನೆಯ ಗುಂಡಿ

ಒಬ್ಬ ಮನುಷ್ಯನ ಮೇಲಿನ ಸಿಟ್ಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಬಿಟ್ಟುಬಿಡು ಎಂದವರು ಬಹಳ ಜನ. ಭಾನುವಾರಕ್ಕೊಮ್ಮೆ ಕ್ಷಮೆಯ ಮಾತು ಕೇಳಿಸಿಕೊಳ್ಳುವವನು ನಾನು, ಆ ಮಾತಿಗೆ ಮೈಕು ಹಚ್ಚಿ ದನಿ ದೊಡ್ಡದು ಮಾಡುವವನೂ ನಾನೇ. ಆದರೂ ಬಿಟ್ಟಿಲ್ಲ. ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ, ಆಮೇಲೆ ಬೇಕಾದರೆ ನನ್ನನ್ನೇ ಬೈಯಿರಿ.

ಆಳಂದದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರು, ಗಿರಣಿ ಮೋಟರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದು ವಾರದ ಆರು ದಿನದ ಕೆಲಸ. ಏಳನೆಯ ದಿನ ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ತಂತಿಯ ಕೆಲಸ ಬಲ್ಲವನು ಎಂಬ ಒಂದೇ ಕಾರಣಕ್ಕೆ ಮೈಕು, ಮಿಕ್ಸರು, ಆಂಪ್ಲಿಫೈಯರು, ಸ್ಪೀಕರ್ ಡಬ್ಬಗಳ ಜವಾಬ್ದಾರಿಯೂ ನನ್ನ ಹೆಗಲಿಗೇ ಬಿದ್ದಿದೆ. ಎಲ್ಲಿ ‘ಕುಂಯ್’ ಎಂದರೂ ಸಭೆಯೆಲ್ಲ ತಿರುಗಿ ನೋಡುವುದು ನನ್ನನ್ನೇ. ಎಲ್ಲ ಸರಿಯಿದ್ದ ದಿನ ಯಾರೂ ನೋಡುವುದಿಲ್ಲ.

ಬೇಸ್ ಗಿಟಾರಿಗೆ ನಾಲ್ಕೇ ತಂತಿ. ಸೊಲ್ಲಾಪುರದಿಂದ ಹಳೆಯದೊಂದನ್ನು ತಂದ ಹೊಸದರಲ್ಲಿ ಬಾಜು ಅಂಗಡಿಯ ಬಟ್ಟೆ ವ್ಯಾಪಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಲಿಂಗಪೂಜೆ ಮುಗಿಸದೆ ಚಹಾ ಮುಟ್ಟದ ಸಾತ್ವಿಕ ಮನುಷ್ಯ, ಆದರೆ ಚೇಷ್ಟೆಗೆ ಮಾತ್ರ ಯಾವ ನೇಮವೂ ಇಲ್ಲ.

“ಉಳಿದ ಎರಡು ತಂತಿ ಬಸ್ಸಿನ್ಯಾಗ ಬಿಟ್ಟು ಬಂದ್ರೇನು?” ಎಂದರು.

ಬೇಸ್ ಅಂದರೆ ಹಾಡಿನ ಕೆಳಗೆ ಗುಂ ಗುಂ ಎಂದು ನಡೆಯುವ ದಪ್ಪ ದನಿ. ಅದು ಸಾರಿನಲ್ಲಿಯ ಉಪ್ಪು. ಇದ್ದಾಗ ಯಾರೂ ಹೊಗಳುವುದಿಲ್ಲ. ಇಲ್ಲದಾಗ ಏನೋ ಕಡಿಮೆ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಇಡೀ ಸಭೆಯಲ್ಲಿ ನನ್ನ ಬೇಸನ್ನು ಬೇಕೆಂದು ಕೇಳುತ್ತಿದ್ದವಳು ಒಬ್ಬಳೇ, ನನ್ನ ಅವ್ವ. ಅವಳಿಗೆ ಬೇರೆ ಏನೂ ಕೇಳುತ್ತಿರಲಿಲ್ಲ.

ಅವ್ವ ಹರೆಯದಿಂದ ಕೂದಲು ಬೆಳ್ಳಗಾಗುವ ತನಕ ದಾಲ್ ಮಿಲ್ಲಿನಲ್ಲಿ ದುಡಿದವಳು. ತೊಗರಿ ಒಡೆಯುವ ಯಂತ್ರದ ಪಕ್ಕದಲ್ಲೇ ಅವಳ ಜಾಗ. ಆ ಯಂತ್ರ ಮೊದಲು ಅವಳಿಂದ ಗುಬ್ಬಿಯ ದನಿ ಕಸಿಯಿತು, ಆಮೇಲೆ ಕೊಡಪಾನಕ್ಕೆ ನೀರು ಬೀಳುವ ಸದ್ದು, ಆಮೇಲೆ ಮಂದಿಯ ಮಾತು. ಎಡಗಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಹೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಹಿಡಿಯುತ್ತಿದ್ದಳು.

ಆದರೂ ಚರ್ಚಿನಲ್ಲಿ ಹಾಡುತ್ತಿದ್ದಳು. ಹೇಗೆಂದರೆ, ನಮ್ಮ ಸಭೆಯಲ್ಲಿ ಬೆಂಚುಗಳಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನೆಲದ ಮೇಲೆ ಕೂರುತ್ತೇವೆ. ನೆಲಕ್ಕೆ ಹಾಸಿದ್ದು ಶಹಾಬಾದಿ ಕಲ್ಲು. ದಪ್ಪ ದನಿಯ ದೊಡ್ಡ ಡಬ್ಬ ಹೆಂಗಸರ ಕಡೆಯ ಮೂಲೆಯಲ್ಲಿ, ಆ ಕಲ್ಲಿನ ಮೇಲೆಯೇ ಇದೆ. ನಾನು ಕೆಳಗಿನ ತಂತಿ ಮೀಟಿದರೆ ಕಲ್ಲು ಸಣ್ಣಗೆ ನಡುಗುತ್ತದೆ. ಅವ್ವ ಆ ಡಬ್ಬದ ಬಳಿ ಕೂತು ಬಲ ಅಂಗೈಯನ್ನು ನೆಲಕ್ಕೆ ಊರುತ್ತಿದ್ದಳು. ಯಾವ ಹಾಡು ಎಂಬುದನ್ನು ಪಕ್ಕದವರ ತುಟಿಯಿಂದ ತಿಳಿಯುವಳು, ಎಲ್ಲಿ ಹೆಜ್ಜೆ ಹಾಕಬೇಕು ಎಂಬುದನ್ನು ನನ್ನ ತಂತಿಯಿಂದ. ರಾಗ ಎತ್ತೆತ್ತಲೋ ಹೋಗುತ್ತಿತ್ತು, ತಾಳ ಮಾತ್ರ ಒಂದು ಕೂದಲೆಳೆಯೂ ತಪ್ಪುತ್ತಿರಲಿಲ್ಲ. ಚಪ್ಪಾಳೆ ಹೊಡೆದಳೆಂದರೆ ಡ್ರಮ್ ಬಾರಿಸುವವನೂ ಅವಳನ್ನು ನೋಡಿ ತಿದ್ದಿಕೊಳ್ಳಬೇಕು.

ಅಂಥದ್ದರಲ್ಲಿ ಹಾಡಿನ ಮಾಸ್ತರ ಬಂದ.

ಮಾಸ್ತರರು ಎಂದು ಬರೆಯಬೇಕು, ಚರ್ಚಿನ ಹಿರಿಯರೊಬ್ಬರ ಅಳಿಯ. ಬರೆಯಲು ಕೈ ಬರುವುದಿಲ್ಲ. ಕೀಬೋರ್ಡ್ ನುಡಿಸುತ್ತ ಹಾಡುವ ಮನುಷ್ಯ, ದನಿ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಬಂದ ತಿಂಗಳೊಳಗೆ ಹಾಡಿನ ಜವಾಬ್ದಾರಿ ಅವನ ಕೈಗೆ ಹೋಯಿತು. ಅವನಿಗೊಂದು ರೋಗವಿತ್ತು. ನಿಧಾನಕ್ಕೆ ಶುರು ಮಾಡಿದ ಹಾಡು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ, ಭೂಸನೂರಿನ ಫ್ಯಾಕ್ಟರಿಗೆ ಕಬ್ಬು ಇಳಿಸಿ ಖಾಲಿ ಮರಳುವ ಟ್ರಾಕ್ಟರಿನಂತೆ ಓಡತೊಡಗುತ್ತಿತ್ತು. ನಾನು ಓಡುತ್ತಿರಲಿಲ್ಲ. ಜನ ನನ್ನ ಬೇಸಿನ ಹೆಜ್ಜೆಗೇ ನಿಲ್ಲುತ್ತಿದ್ದರು. ಅವನು ಮುಂದೆ ಹೋಗಿ, ತಿರುಗಿ ನೋಡಿ, ಕಾದು, ಮತ್ತೆ ಕೂಡಿಕೊಳ್ಳಬೇಕಾಗುತ್ತಿತ್ತು.

“ನಿಮ್ಮ ಗುಂ ಗುಂ ಜರಾ ಕಮ್ಮಿ ಮಾಡ್ರಿ. ಹಾಡು ಮುಚ್ಚಿ ಹೋಗಾಕತ್ತದ,” ಎಂದ ಒಂದು ದಿನ.

ಸ್ವಲ್ಪ ಕಡಿಮೆ ಮಾಡಿದೆ. ಮುಂದಿನ ವಾರ, ಮಿಕ್ಸರು ತನ್ನ ಕೀಬೋರ್ಡಿನ ಪಕ್ಕ ಇರಲಿ, ಹಾಡುತ್ತ ಹಾಡುತ್ತ ಹೆಚ್ಚು ಕಡಿಮೆ ಮಾಡಲು ಅನುಕೂಲ ಎಂದ. ಅದಕ್ಕೂ ಹೂಂ ಅಂದೆ. ಎಲ್ಲ ದನಿ ಕೂಡಿಸಿ ಸ್ಪೀಕರಿಗೆ ಕಳಿಸುವ ಆ ಮಿಕ್ಸರಿನಲ್ಲಿ ಒಂದೊಂದು ದನಿಗೆ ತಿರುವುವ ಒಂದೊಂದು ಗುಂಡಿ. ಒಂದು ಪಾಸ್ಟರ ಮೈಕು, ಎರಡು ಮಾಸ್ತರನ ಮೈಕು, ಮೂರು ಕೀಬೋರ್ಡು, ನಾಲ್ಕು ನನ್ನ ಬೇಸು. ಶನಿವಾರ ಸಂಜೆ ನಾನು ಎಲ್ಲ ಜೋಡಿಸಿ, ಪ್ರತಿ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಹೆಂಡತಿಯ ನೇಲ್ ಪಾಲಿಶಿನಿಂದ ಕೆಂಪು ಚುಕ್ಕೆ ಇಟ್ಟಿದ್ದೆ. ಭಾನುವಾರ ಎಲ್ಲ ಮುಗಿದ ಮೇಲೆ ಮುಚ್ಚಿಡುವಾಗ ನೋಡುತ್ತಿದ್ದೆ. ನಾಲ್ಕೂ ಗುಂಡಿ ಚುಕ್ಕೆಯ ಮೇಲೇ ಇರುತ್ತಿದ್ದವು. ಪರವಾಗಿಲ್ಲ, ಶಿಸ್ತಿನ ಮನುಷ್ಯ ಎಂದುಕೊಂಡೆ. ಎಂಥ ಹುಚ್ಚ ನಾನು!

ಅದಾಗಿ ಕೆಲವು ವಾರಕ್ಕೆ ಅವ್ವನ ತಾಳ ತಪ್ಪಿತು.

ಮೊದಲು ಒಂದು ಹಾಡಿನಲ್ಲಿ, ಆಮೇಲೆ ಎಲ್ಲದರಲ್ಲೂ. ಸಭೆ ಒಂದು ಕಡೆ ಚಪ್ಪಾಳೆ ಹೊಡೆದರೆ ಅವ್ವ ಒಂದು ಕಡೆ. ನೆಲಕ್ಕೆ ಊರಿದ ಅಂಗೈಯನ್ನು ಎತ್ತಿ ನೋಡಿಕೊಳ್ಳುವಳು, ಸೆರಗಿನಿಂದ ಒರೆಸುವಳು, ಮತ್ತೆ ಊರುವಳು. ಪಕ್ಕದ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗತೊಡಗಿದರು. ನಾನು ಮೇಲೆ ವೇದಿಕೆಯಲ್ಲಿ ನುಡಿಸುತ್ತಿದ್ದೆ. ನನ್ನ ಬೆನ್ನ ಹಿಂದಿನ ಸಣ್ಣ ಆಂಪ್ಲಿಫೈಯರಿನಿಂದ ನನ್ನ ಬೇಸು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ವಯಸ್ಸಾಯಿತು, ಇನ್ನು ಹೀಗೇ ಎಂದು ಅವ್ವನ ಬಗ್ಗೆ ಅಂದುಕೊಂಡೆ.

ಒಂದು ಭಾನುವಾರ ನಿಧಾನದ ಹಾಡೊಂದರಲ್ಲಿ ಅವ್ವ ಒಬ್ಬಳೇ ಗಟ್ಟಿಯಾಗಿ ಚಪ್ಪಾಳೆ ಹೊಡೆದಳು. ಮಾಸ್ತರ ಹಾಡು ನಿಲ್ಲಿಸಿದ. ಮೈಕಿನಲ್ಲೇ, ನಗುತ್ತ ನಗುತ್ತ ಹೇಳಿದ:

“ಅವ್ವಾರೇ, ನೀವು ಜರಾ ಸುಮ್ಮ ಕೂಡ್ರಿ. ನಿಮ್ಮ ಚಪ್ಪಾಳಿಗಿ ಎಲ್ಲಾರ ತಾಳ ಕೆಡಲಾಕತ್ತದ.”

ಸಭೆ ನಕ್ಕಿತು. ಅವ್ವನಿಗೆ ಏನೂ ಕೇಳಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿದ್ದು ನೋಡಿ, ಏನೋ ಒಳ್ಳೆಯ ಮಾತು ಇರಬೇಕೆಂದು ತಾನೂ ನಕ್ಕಳು. ನಾನು ತಲೆ ತಗ್ಗಿಸಿ ಗಿಟಾರಿನ ತಂತಿ ಬಿಗಿಯುವ ಕಿವಿ ತಿರುವುತ್ತ ನಿಂತೆ.

ಆ ದಿನ ಮನೆಗೆ ಬಂದ ಮೇಲೆ ಅವ್ವನ ಪಕ್ಕ ಕೂತು ಒಂದು ಮಾತು ಹೇಳಿದೆ. ಅವಳು ತಲೆ ಆಡಿಸಿದಳು. ಮುಂದಿನ ವಾರ ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಅದರ ಮುಂದಿನ ವಾರ ಡಬ್ಬದ ಬಳಿ ಬಿಟ್ಟು ಬಾಗಿಲ ಬಳಿ ಕೂತಳು. ಆಮೇಲೆ ಚರ್ಚಿಗೆ ಬರುವುದನ್ನೇ ಬಿಟ್ಟಳು.

“ಇದ್ದದ್ದೂ ಹೋಯ್ತು. ಬೇಕಂದ್ರ ಮನ್ಯಾಗೇ ಪ್ರಾರ್ಥನಾ ಮಾಡ್ತೇನಿ. ನನ್ನ ದನಿ ಸಾಕು ಅಂದಾನ ದೇವರು,” ಎಂದಳು.

ಕಲಬುರಗಿಗೆ ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಿವಿಗೆ ಏನೇನೋ ಹಚ್ಚಿ ಪರೀಕ್ಷೆ ಮಾಡಿದರು. ಎರಡು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ಹೊಸದಾಗಿ ಏನೂ ಕೆಟ್ಟಿಲ್ಲ ಎಂದರು. ಅವ್ವ ನಂಬಲಿಲ್ಲ. ನಾನೂ ನಂಬಲಿಲ್ಲ. ಡಾಕ್ಟರಿಗೇ ತಿಳಿಯಲಿಲ್ಲವೆಂದು ಬಸ್ಸಿನಲ್ಲಿ ಬೈದುಕೊಳ್ಳುತ್ತ ಬಂದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅದೇ ಆಯಿತು ನಮ್ಮದು.

ಗೊತ್ತಾದದ್ದು ನನ್ನ ಬೆರಳು ಕೊಯ್ದ ಮೇಲೆ. ಅಂಗಡಿಯಲ್ಲಿ ತಾಮ್ರದ ತಂತಿ ಜಾರಿ ಎಡಗೈಯ ಎರಡು ಬೆರಳು ಎಲುಬಿನ ತನಕ ಸೀಳಿದವು. ಆ ವಾರ ನುಡಿಸುವುದು ಸಾಧ್ಯವೇ ಇರಲಿಲ್ಲ. ಅಫಜಲಪುರದ ಸಭೆಯಲ್ಲಿ ಬೇಸ್ ನುಡಿಸುವ ಗೆಳೆಯನೊಬ್ಬನಿದ್ದಾನೆ. ಬಸ್ ರಿಪೇರಿ ಮಾಡುವ ಮೆಕ್ಯಾನಿಕ್, ನನ್ನದೇ ವಯಸ್ಸು, ನನಗಿಂತ ಗಟ್ಟಿಯಾಗಿ ಮೀಟುತ್ತಾನೆ. ಅವನನ್ನು ಕರೆಸಿದೆ. ಶನಿವಾರ ಪಟ್ಟಿ ಕಟ್ಟಿದ ಕೈಯಲ್ಲೇ ಎಲ್ಲ ಜೋಡಿಸಿ, ಭಾನುವಾರ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕೆಳಗೆ, ನೆಲದ ಮೇಲೆ ಕೂತೆ. ಮಿಕ್ಸರಿನಲ್ಲಿ ಏನಾದರೂ ಕೆಟ್ಟರೆ ಎದ್ದು ಹೋಗಲು ಬೇಕೆಂದು ವೇದಿಕೆಯ ಬಲಗಡೆ, ಮಾಸ್ತರನ ಪಕ್ಕಕ್ಕೇ ಜಾಗ ಹಿಡಿದೆ.

ಹಾಡು ಶುರುವಾಯಿತು. ಗೆಳೆಯನ ಬೆರಳು ತಂತಿಯ ಮೇಲೆ ಆಡುತ್ತಿತ್ತು. ನನ್ನ ಕೆಳಗಿನ ಕಲ್ಲು ಸತ್ತಂತೆ ಬಿದ್ದಿತ್ತು.

ಅಂಗೈ ಊರಿದೆ. ಇಲ್ಲ. ಪಾದ ಊರಿದೆ. ಇಲ್ಲ. ಮೂಲೆಯ ದೊಡ್ಡ ಡಬ್ಬದಲ್ಲಿ ಕೀಬೋರ್ಡಿನ ಸದ್ದು ಸ್ವಲ್ಪ ಇತ್ತು, ಬೇಸು ಒಂದು ಹನಿಯೂ ಇರಲಿಲ್ಲ. ವೈರು ಬಿಚ್ಚಿದೆಯೆಂದುಕೊಂಡು ಏಳಲು ಹೋದವನು ಮಿಕ್ಸರಿನ ಕಡೆ ನೋಡಿದೆ. ನಾಲ್ಕನೆಯ ಗುಂಡಿ ಪೂರ್ತಿ ಬಂದ್ ಆಗಿತ್ತು. ಕೆಂಪು ಚುಕ್ಕೆ ಬೇರೆ ಕಡೆ, ಗುಂಡಿಯ ಗೆರೆ ಬೇರೆ ಕಡೆ.

ಏಳಲಿಲ್ಲ. ಕೂತು ಕಾದೆ. ಕೊನೆಯ ಹಾಡಿನ ಕೊನೆಯ ಸಾಲು ಬಂತು. ಮಾಸ್ತರ ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ದೇವರಿಗೇ ಹಾಡುವವನಂತೆ ಹಾಡುತ್ತಿದ್ದ. ಹಾಗೆ ಹಾಡುತ್ತಲೇ ಅವನ ಬಲಗೈ ಕೀಬೋರ್ಡ್ ಬಿಟ್ಟು, ಕತ್ತಲಲ್ಲೂ ದಾರಿ ಗೊತ್ತಿರುವ ಕೈಯಂತೆ ಮಿಕ್ಸರಿಗೆ ಹೋಗಿ, ನಾಲ್ಕನೆಯ ಗುಂಡಿಯನ್ನು ತಿರುವಿ ಕೆಂಪು ಚುಕ್ಕೆಗೆ ತಂದು ನಿಲ್ಲಿಸಿತು. ಕಣ್ಣು ತೆರೆಯಲೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಗಾದೆಯಲ್ಲಿ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ.

ಮಿಕ್ಸರು ಅವನ ಪಕ್ಕ ಹೋಗಿ ಎಷ್ಟಾಯಿತೆಂದು ನೆನಪು ಮಾಡಿಕೊಂಡೆ. ಎಂಟು ತಿಂಗಳು. ಎಂಟು ತಿಂಗಳು ನಾನು ನನ್ನ ಬೆನ್ನಿಗೆ ಮಾತ್ರ ಬೇಸ್ ನುಡಿಸಿದ್ದೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಅವ್ವ? ತನ್ನ ಅಂಗೈಯನ್ನೇ ಅನುಮಾನಿಸಿ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದ ಅವ್ವ? ದೇವರೇ ತನ್ನ ದನಿ ಬೇಡವೆಂದನೆಂದು ನಂಬಿ ಮನೆಯ ಮೂಲೆ ಹಿಡಿದವಳು? ಆಶೀರ್ವಾದಕ್ಕೆ ಎಲ್ಲರೂ ತಲೆ ಬಾಗಿಸಿದ್ದಾಗ ನಾನೊಬ್ಬ ತಲೆಯೆತ್ತಿ ಆ ಕೈಯನ್ನೇ ನೋಡುತ್ತಿದ್ದೆ, ಅದನ್ನು ಮುರಿಯುವುದು ಹೇಗೆಂದು.

ಪಾಸ್ಟರಿಗೆ ಹೇಳಬಹುದಿತ್ತು. ಒಳ್ಳೆಯ ಮನುಷ್ಯ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಪ್ರಾರ್ಥನೆ ಮಾಡಿ, ಇಬ್ಬರ ಕೈ ಕೂಡಿಸಿ, ಚಹಾ ಕುಡಿಸಿ ಕಳಿಸುತ್ತಿದ್ದರು. ನನಗೆ ಹಾವು ಸಾಯಬೇಕಿತ್ತು. ಅವ್ವನಿಗೂ ಹೇಳಲಿಲ್ಲ. ಗುಂಡಿಯ ವಿಷಯ ಬಾಯಲ್ಲಿ ಹೇಳಿದರೆ, ತನ್ನನ್ನು ಸಮಾಧಾನ ಮಾಡಲು ಕಥೆ ಕಟ್ಟಿದ್ದಾನೆ ಎಂದುಕೊಳ್ಳುತ್ತಾಳೆ. ಅವಳ ಅಂಗೈಗೇ ಗೊತ್ತಾಗಬೇಕು. ಅವನಿಗೆ ಎಲ್ಲರ ಮುಂದೆ ಗೊತ್ತಾಗಬೇಕು. ಎರಡೂ ಒಂದೇ ದಿನ ಆಗಬೇಕು ಎಂದು ನಿಶ್ಚಯಿಸಿದೆ.

ದಿನವೂ ಬಹಳ ದೂರವಿರಲಿಲ್ಲ, ಬೆರಳು ಮಾಯುವಷ್ಟು ಸಮಯವಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಕಡೆಯ ನಮ್ಮ ಸಭೆಗಳು ಸರದಿಯಂತೆ ವರ್ಷಕ್ಕೊಮ್ಮೆ ಒಂದು ಊರಲ್ಲಿ ಕೂಡುತ್ತವೆ. ಆ ಸಲ ಜೇವರ್ಗಿಯ ಸರದಿ. ಹಾಡಿಸುವವನು ನಮ್ಮ ಮಾಸ್ತರ, ಮೈಕಿನ ಸಾಮಾನಿನವನು ನಾನು. ಅವನು ಹೊಸ ಕೋಟು ಹೊಲಿಸಿದನೆಂದು ಕೇಳಿದೆ. ನಾನು ಅಂಗಡಿಯಲ್ಲಿ ಒಂದು ಸ್ವಿಚ್ಚಿನ ಡಬ್ಬಿ ಮಾಡಿದೆ.

ಹೊಲದ ಮೋಟರಿಗೆ ಕರೆಂಟು ಹೋದಾಗ ಜನರೇಟರಿಗೆ ಬದಲಿಸುವ ಸ್ವಿಚ್ ಇರುತ್ತದಲ್ಲ, ಇದು ಅದರ ತಮ್ಮ, ಕಾಲಲ್ಲಿ ಒತ್ತುವಂಥದ್ದು. ಒಂದು ಕಡೆ ಒತ್ತಿದರೆ ಮಾಸ್ತರನ ಮಿಕ್ಸರಿನ ದನಿ ಹೊರಗಿನ ಸ್ಪೀಕರಿಗೆ ಹೋಗುತ್ತದೆ. ಇನ್ನೊಂದು ಕಡೆ ಒತ್ತಿದರೆ ಅವನದು ಕಡಿದು, ನನ್ನ ಕಾಲ ಬಳಿ ಬಟ್ಟೆ ಮುಚ್ಚಿಟ್ಟ ಸಣ್ಣ ಮಿಕ್ಸರಿನ ದನಿ ಹೋಗುತ್ತದೆ. ಆ ಸಣ್ಣದರಲ್ಲಿ ನನ್ನ ಬೇಸು, ಡ್ರಮ್ಮಿನ ಮೈಕು, ಹಾಡುವ ಹೆಂಗಸರ ಗುಂಪಿನ ಮೈಕು, ಇಷ್ಟೇ. ಮಾಸ್ತರನ ಎದುರು, ಅವನ ಕಡೆಗೆ ಮುಖ ಮಾಡಿ ಒಂದು ಚಿಕ್ಕ ಸ್ಪೀಕರ್ ಇರುತ್ತದೆ, ತನ್ನ ಹಾಡು ತನಗೆ ಕೇಳಲೆಂದು. ಅದನ್ನು ಮುಟ್ಟಲಿಲ್ಲ. ನನ್ನ ಬೆನ್ನ ಹಿಂದಿನ ಆಂಪ್ಲಿಫೈಯರು ಎಂಟು ತಿಂಗಳು ನನಗೆ ಮಾಡಿದ ಮೋಸವನ್ನು ಆ ಸ್ಪೀಕರು ಅವನಿಗೆ ಮಾಡಬೇಕಿತ್ತು.

ಅವ್ವನನ್ನು ಹೊರಡಿಸುವುದೇ ಕಷ್ಟವಾಯಿತು.

“ಕಿವುಡಿನ ಕಟಗೊಂಡು ಮೂರು ತಾಲೂಕಿನ ಮಂದಿ ಮುಂದ ಏನ್ ಮಾಡ್ತಿ? ನಾ ಬರಂಗಿಲ್ಲ,” ಎಂದು ಗೋಡೆಗೆ ತಿರುಗಿ ಕೂತಳು.

ಜೇವರ್ಗಿಗೆ ಮದುವೆಯಾಗಿ ಹೋದ ಅವಳ ತವರೂರು ನರೋಣಾದ ಬಾಲ್ಯದ ಗೆಳತಿ ಅಲ್ಲಿ ಸಿಗುತ್ತಾಳೆ ಎಂದು ಆಸೆ ತೋರಿಸಿದೆ. ಅದಕ್ಕೆ ಒಪ್ಪಿದಳು. ಸಾಮಾನು ಗೂಡ್ಸ್ ಆಟೋದಲ್ಲಿ, ನಾನು ಅವ್ವ ಅದರ ಮುಂದಿನ ಸೀಟಿನಲ್ಲಿ. ಭೀಮಾ ಸೇತುವೆಯ ಮೇಲೆ ಆಟೋ ಗಡಗಡ ನಡುಗಿದಾಗ ಅವ್ವ ಅಂಗೈಯನ್ನು ಬಾಗಿಲಿಗೆ ಒತ್ತಿ ಇಟ್ಟುಕೊಂಡಳು. ನಾನು ನೋಡಿಯೂ ನೋಡದಂತೆ ಕೂತೆ.

ಸಭೆ ಮರುದಿನ ಬೆಳಗ್ಗೆ, ಕಲ್ಲು ಹಾಸಿದ ದೊಡ್ಡ ಅಂಗಳದಲ್ಲಿ. ಎದುರಿಗೆ ಒಂದು ಎತ್ತರದ ಗೋಡೆ. ದೊಡ್ಡ ಡಬ್ಬವನ್ನು ಹೆಂಗಸರ ಕಡೆ ಕಲ್ಲಿನ ಮೇಲೇ ಇಟ್ಟು, ಅದರ ಪಕ್ಕ ಅವ್ವನನ್ನೂ ಅವಳ ಗೆಳತಿಯನ್ನೂ ಕೂರಿಸಿದೆ. ಜನ ಸೇರುವ ಮುಂಚೆ ಮಾಸ್ತರ “ಹಲೋ, ಹಲೋ” ಎಂದು ಪರೀಕ್ಷೆ ಮಾಡಿದ. ಅವನ ದನಿ ಗೋಡೆಗೆ ಬಡಿದು ತಿರುಗಿ ಬಂತು. ಅದನ್ನು ಕೇಳಿ ಖುಷಿಯಾಗಿ, ಕೋಟಿನ ತೋಳು ಎಳೆದುಕೊಂಡ.

“ಭಾರಿ ಅದರೀ ಸೌಂಡು,” ಎಂದ ನನ್ನ ಕಡೆ ನೋಡಿ.

“ನಿಮ್ಮ ದನಿಗಿ ತಕ್ಕಂಗ ಮಾಡೇನ್ರಿ,” ಎಂದೆ.

ಅಂಗಳ ತುಂಬಿತು. ಪ್ರಾರ್ಥನೆ ಆಯಿತು. ಮಾಸ್ತರ ಮೊದಲ ಹಾಡಿಗೆ ಕೀಬೋರ್ಡಿನ ಮೇಲೆ ಬೆರಳಿಟ್ಟ, ಅಭ್ಯಾಸದಂತೆ ನಾಲ್ಕನೆಯ ಗುಂಡಿಯನ್ನು ಮೆಲ್ಲಗೆ ಬಂದ್ ಮಾಡಿದ. ನಾನು ಕಾಲಿನ ಹೆಬ್ಬೆರಳಿನಿಂದ ಸ್ವಿಚ್ ಒತ್ತಿದೆ.

ಅವನ ಬಾಯಿ ತೆರೆಯಿತು. ಅಂಗಳಕ್ಕೆ ಹೋದದ್ದು ನನ್ನ ಬೇಸು, ಹೆಂಗಸರ ದನಿ. ಮೂರು ಸಭೆಯ ಹೆಂಗಸರು ಚಿಕ್ಕಂದಿನಿಂದ ಹಾಡಿದ ಹಾಡು ಅದು, ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜನ ಕೂಡಿಕೊಂಡರು. ಮಾಸ್ತರ ತನ್ನ ಚಿಕ್ಕ ಸ್ಪೀಕರಿನಲ್ಲಿ ತನ್ನನ್ನೇ ಕೇಳುತ್ತ, ಕಣ್ಣು ಮುಚ್ಚಿ, ಎರಡನೆಯ ಚರಣಕ್ಕೆ ಓಡತೊಡಗಿದ. ಒಬ್ಬರೂ ಅವನ ಹಿಂದೆ ಓಡಲಿಲ್ಲ. ಅವನು ಒಂದು ಸಾಲು ಮುಂದೆ, ಇಡೀ ಅಂಗಳ ನನ್ನ ಜೊತೆ.

ಕಣ್ಣು ತೆರೆದ. ಎದುರಿನ ಗೋಡೆಯಿಂದ ಅವನ ದನಿ ತಿರುಗಿ ಬರುತ್ತಿರಲಿಲ್ಲ. ಗುಂ ಗುಂ ಬರುತ್ತಿತ್ತು. ನಾಲ್ಕನೆಯ ಗುಂಡಿ ನೋಡಿದ, ಬಂದ್ ಇದೆ. ಇನ್ನೂ ತಿರುವಿದ, ಅದು ತಿರುಗಲಿಲ್ಲ. ಪೂರ್ತಿ ತೆರೆದು ಮತ್ತೆ ಬಂದ್ ಮಾಡಿದ. ಬೇಸು ನಡೆದೇ ಇತ್ತು. ಎರಡನೆಯ ಗುಂಡಿಯನ್ನು, ತನ್ನದನ್ನು, ಕೊನೆಯ ತನಕ ಏರಿಸಿದ. ಏನೂ ಆಗಲಿಲ್ಲ. ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿ ನನ್ನನ್ನು ನೋಡಿದ. ಮೊದಲು ನನ್ನ ಮುಖ, ಆಮೇಲೆ ಕಾಲು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಕೆಳಗಿನ ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದೆ.

ಅವನಿಗೆ ತಿಳಿಯಿತು. ಆ ಮುಖದಲ್ಲಿ ಅದು ಇಳಿದದ್ದನ್ನು ನಾನು ಕಂಡೆ, ಅಂಥ ರುಚಿಯಾದ ತುತ್ತು ಜೀವಮಾನದಲ್ಲಿ ತಿಂದಿಲ್ಲ. ದನಿ ಹೆಚ್ಚು ಮಾಡೆಂದು ಕೈಸನ್ನೆ ಮಾಡಿದ. ಎಲ್ಲ ಸರಿ ಇದೆ ಎಂದು ನಾನು ಹೆಬ್ಬೆರಳೆತ್ತಿ ತೋರಿಸಿದೆ. ನಿಲ್ಲಿಸುವಂತಿಲ್ಲ, ಕಿರುಚುವಂತಿಲ್ಲ, ಎದ್ದು ಹೋಗುವಂತಿಲ್ಲ. ಒಂದರ ಹಿಂದೆ ಒಂದು ನಾಲ್ಕು ಹಾಡು, ಅರ್ಧ ತಾಸು, ಹೊಸ ಕೋಟು ಹಾಕಿಕೊಂಡು ಮೂರು ತಾಲೂಕಿನ ಜನದ ಮುಂದೆ ಬಾಯಿ ತೆಗೆದು ಮುಚ್ಚಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಕೊಡಗಟ್ಟಲೆ ಕುಡಿಸಿದೆ.

ಎರಡನೆಯ ಹಾಡಿನ ನಡುವೆ ಅವ್ವನ ಕಡೆ ನೋಡಿದೆ. ಕೈ ಎರಡೂ ಮಡಿಲಲ್ಲೇ ಇದ್ದವು. ಆದರೆ ಕಲ್ಲು ಪಾದಕ್ಕೆ ಹೇಳಿರಬೇಕು. ಅವಳು ಬಗ್ಗಿ ತನ್ನ ಕಾಲ ಬೆರಳು ನೋಡಿಕೊಂಡಳು. ಅತ್ತ ಇತ್ತ ನೋಡಿದಳು. ಬಿಸಿ ಹಂಚು ಮುಟ್ಟಿ ನೋಡುವವಳಂತೆ ಒಂದು ಬೆರಳನ್ನು ಕಲ್ಲಿಗೆ ತಾಗಿಸಿ ತೆಗೆದಳು. ಮತ್ತೆ ತಾಗಿಸಿದಳು. ಆಮೇಲೆ ಇಡೀ ಅಂಗೈ. ಮೂರನೆಯ ಹಾಡಿಗೆ ಅವಳ ದನಿ ಎದ್ದಿತು, ರಾಗ ಇಲ್ಲದ, ಹೊಲದಲ್ಲಿ ಕರೆಯುವಂಥ ದನಿ, ತಾಳದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದ್ದು. ನನ್ನ ಕಣ್ಣು ತುಂಬಿ ತಂತಿ ಕಾಣದಾಯಿತು. ಸಿಟ್ಟೂ ಇತ್ತು, ಸಂತೋಷವೂ ಇತ್ತು, ಎರಡನ್ನೂ ಬೇರೆ ಮಾಡಲು ಬರಲಿಲ್ಲ.

ಪ್ರವಚನಕ್ಕೆ ಸ್ವಿಚ್ಚನ್ನು ತಿರುಗಿ ಒತ್ತಿದೆ. ಪಾಸ್ಟರ ದನಿ ಗಂಟೆಯಂತೆ ಬಂತು. ಎಲ್ಲ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಅವರೇ ಬಂದು ಕೇಳಿದರು, “ಹಾಡಿನ್ಯಾಗ ಮಾಸ್ತರರ ದನಿನೇ ಬರಲಿಲ್ಲಲ್ಲ, ಏನಾಗಿತ್ತು?”

ಮಾಸ್ತರ ಪಕ್ಕದಲ್ಲೇ ನಿಂತಿದ್ದ.

“ಗುಂಡಿ ಬಂದ್ ಆಗಿತ್ತೇನೋ ರೀ. ಮಾಸ್ತರಿಗೇ ಕೇಳ್ರಿ, ಗುಂಡಿ ಅವರ ಕೈಯಾಗೇ ಇರ್ತದ,” ಎಂದೆ.

ಮಾಸ್ತರ ನೆಲ ನೋಡಿದ. “ನಂದೇ ತಪ್ಪಾಗ್ಯದ್ರಿ,” ಎಂದ. ಪಾಸ್ಟರು ಹೋದ ಮೇಲೆ ಹತ್ತಿರ ಬಂದ.

“ಬೇಕಂತ ಮಾಡೀರಿ.”

“ನೀವು ಎಂಟು ತಿಂಗಳು ಮಾಡಿದ್ದು ನಾ ಅರ್ಧ ತಾಸು ಮಾಡೇನಿ. ನಾ ಭಾಳ ಒಳ್ಳೇವ.”

“ನಾ ಹಾಡ್ತಿದ್ದೆ, ಮಂದಿ ನಿಮ್ಮ ಹಿಂದ ಹೋಗ್ತಿದ್ರು,” ಎಂದ. ಆಮೇಲೆ ಅಂಗಳದಲ್ಲಿ ಗೆಳತಿಯೊಡನೆ ನಗುತ್ತಿದ್ದ ಅವ್ವನ ಕಡೆ ನೋಡಿ, “ಅವ್ವಾರಿಗಿ ಅದರಿಂದಾನೇ ಹಂಗಾಗಿತ್ತಂತ ಖರೇನೇ ಗೊತ್ತಿರಲಿಲ್ಲ,” ಎಂದ.

“ಮೈಕಿನ್ಯಾಗ ನಗಸೂದು ಗೊತ್ತಿತ್ತಿಲ್ಲ?” ಎಂದೆ. ಅವನು ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಹೋದ. ಗೆದ್ದೆ ಎಂದುಕೊಂಡು ಊಟಕ್ಕೆ ನಡೆದೆ.

ಅಂಗಳದ ಬೇವಿನ ಮರದ ಕೆಳಗೆ ಅವ್ವ ಊಟದ ತಟ್ಟೆ ಹಿಡಿದು ಕೂತಿದ್ದಳು. ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

“ಬಂದ್ವೋ! ಕಿವಿ ಬಂದ್ವು!” ಎಂದು ನನ್ನ ಮೊಣಕಾಲು ಬಡಿದಳು.

ಇನ್ನು ಹೇಳಬಹುದಿತ್ತು. ಎಡಗಿವಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ. ಗುಂಡಿ, ಕೆಂಪು ಚುಕ್ಕೆ, ನನ್ನ ಕೊಯ್ದ ಬೆರಳು, ಇವತ್ತಿನ ಸ್ವಿಚ್ಚು. ಮಾಸ್ತರ ಮೈಕಿನಲ್ಲಿ ಅಂದದ್ದನ್ನೂ ಹೇಳಿದೆ, ಇವತ್ತು ಅವನ ಮುಖ ಹೇಗಾಗಿತ್ತು ಎಂಬುದನ್ನು ಎರಡೆರಡು ಸಲ ಹೇಳಿದೆ. ಚರ್ಚಿನ ಹೆಂಗಸು, ಸೇಡು ತಪ್ಪು ಎಂದು ಬೈದರೂ ಬೈಯಲಿ ಎಂದು ಕಾದೆ. ಅವ್ವ ಬೈಯಲಿಲ್ಲ. ತುತ್ತು ಅಗಿದು ನುಂಗಿದಳು. ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

“ಚಪ್ಪಾಳಿ ಬ್ಯಾಡ ಅಂತ ಅಂವಾ ಅಂದದ್ದು ನಂಗ ಕೇಳೇ ಇಲ್ಲ,” ಎಂದಳು. “ಆವತ್ತ ಮನಿಗಿ ಬಂದು ನೀ ಅಂದಿಯಲ್ಲ, ‘ಅವ್ವಾ, ಇನ್ನ ಚಪ್ಪಾಳಿ ಹೊಡಿಬ್ಯಾಡ, ನಂಗ ನಾಚಿಕಿ ಬರ್ತದ’ ಅಂತ. ಕಿವ್ಯಾಗ ಬಾಯಿಟ್ಟು ಅಂದಿದ್ದಿ. ಅದು ಕೇಳಿತ್ತು.”

ಅವಳು ತನ್ನ ತಟ್ಟೆಯ ಮಾಂಸದ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿ, ಉಣ್ಣು ಎಂದಳು.

ಈಗ ಮಿಕ್ಸರು ಮಾಸ್ತರನ ಪಕ್ಕ ಇಲ್ಲ. ಅವನು ಇನ್ನೂ ಹಾಡಿಸುತ್ತಾನೆ, ಇನ್ನೂ ಓಡುತ್ತಾನೆ, ಓಡಿ ಹೋಗಿ ಕಾಯುತ್ತಾನೆ. ನಾನು ಉದ್ದದ ವೈರು ಹಾಕಿಕೊಂಡಿದ್ದೇನೆ. ವೇದಿಕೆ ಹತ್ತದೆ, ಕೆಳಗೆ ಕಲ್ಲಿನ ಮೇಲೆ, ಹೆಂಗಸರ ಸಾಲಿನ ಅಂಚಿನಲ್ಲಿ ಅವ್ವನ ಪಕ್ಕ ಕೂತು ನುಡಿಸುತ್ತೇನೆ. ಗಂಡಸರು ಮೊದಲು ನಕ್ಕರು, ಈಗ ರೂಢಿಯಾಗಿದೆ. ಅವ್ವ ಅಂಗೈ ಊರಿ ಹಾಡುತ್ತಾಳೆ. ಚಪ್ಪಾಳೆ ಮಾತ್ರ ಹೊಡೆಯುವುದಿಲ್ಲ. ಹೊಡಿ ಎಂದು ಎಷ್ಟು ಸಲ ಕಿವಿಯಲ್ಲಿ ಹೇಳಿದರೂ, ಕೇಳಲಿಲ್ಲವೆಂಬಂತೆ ಮುಂದೆ ನೋಡುತ್ತ ಕೂರುತ್ತಾಳೆ.